ಭಾವನ ಡೀಸೆಲ್ ಕಾರು ಮತ್ತು ನನ್ನ ಸೊಂಟ

ನಮ್ಮ ಭಾವ ಯಾವ ಊರಿಗೆ ಹೋದರೂ ಮೊದಲು ಹುಡುಕುತ್ತಿದ್ದುದು ದೇವಸ್ಥಾನವನ್ನಲ್ಲ, ಹೋಟೆಲನ್ನೂ ಅಲ್ಲ, ಇಳಿಜಾರನ್ನು! ನಂಬುವುದಿಲ್ಲವೇ? ಹೊಸದುರ್ಗದ ಮದುವೆಯೊಂದಕ್ಕೆ ನಮ್ಮನ್ನೆಲ್ಲ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದವರು ಚಪ್ಪರದ ಮುಂದೆ ನಿಲ್ಲಿಸಲೇ ಇಲ್ಲ. ಅಲ್ಲಿ ನೆಲ ಸಪಾಟಾಗಿತ್ತಂತೆ. ಮುಕ್ಕಾಲು ಮೈಲಿ ಆಚೆ ಒಂದು ದಿಬ್ಬ ಸಿಕ್ಕಿತು. ಅದರ ನೆತ್ತಿಯ ಮೇಲೆ ಕಾರು ನಿಲ್ಲಿಸಿ, ಚಕ್ರಕ್ಕೆ ಎರಡು ಕಲ್ಲು ಕೊಟ್ಟು, "ಇಳೀರಿ, ನಡ್ಕಂಡು ಹೋಗಾಣ" ಎಂದರು. ಅಕ್ಕ ರೇಷ್ಮೆ ಸೀರೆಯನ್ನು ಎತ್ತಿ ಹಿಡಿದುಕೊಂಡು ಬಿಸಿಲಲ್ಲಿ ನಡೆದಳು. ನಾವು ಚಪ್ಪರ ಮುಟ್ಟುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಚಿತ್ರದುರ್ಗದಲ್ಲಿ ಕೋಟೆಯ ಕೆಳಗಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ನಾನು ಅದೇ ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಸ್ಕೂಲು ಮೇಷ್ಟ್ರು. ಭಾವನದು ಹಳೆಯ ಪೆಟ್ರೋಲ್ ಕಾರು. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ಬೆಲೆ ಒಮ್ಮೆಗೇ ಏರಿತಲ್ಲ, ಆಗ ಬುದ್ಧಿ ಇದ್ದವರು ಸೈಕಲ್ ಹತ್ತಿದರು. ಭಾವ ಎಲ್ಲಿಂದಲೋ ಒಂದು ಹಳೆಯ ಡೀಸೆಲ್ ಎಂಜಿನ್ ತಂದು ಕಾರಿನ ಹೊಟ್ಟೆಗೆ ಇಳಿಸಿದರು. ಗಿರಣಿಯ ಎಂಜಿನ್ನನ್ನು ಹದಿನೈದು ವರ್ಷ ಸಾಕಿದ ಕೈ, ಇದೇನು ಮಹಾ ಎಂಬ ಧೈರ್ಯ.

"ಪ್ಲಗ್ ಇಲ್ಲ, ಕಾಯಿಲ್ ಇಲ್ಲ, ಕಾರ್ಬುರೇಟರ್ ಇಲ್ಲ. ಕೆಡಾಕೆ ಅದ್ರಾಗೆ ಏನೈತೆ ಹೇಳಪ್ಪ ಮೇಷ್ಟ್ರೆ?" ಎಂದು ಬಾನೆಟ್ ಎತ್ತಿ ತೋರಿಸುತ್ತಿದ್ದರು. "ನಾಲ್ಕು ಸಿಲಿಂಡ್ರು. ಇನ್ನೊಂದು ಇಪ್ಪತ್ತು ವರ್ಷ ಮುಟ್ಟಂಗಿಲ್ಲ."

ಹೌದು, ಅದರಲ್ಲಿ ಕೆಡಲು ಏನೂ ಇರಲಿಲ್ಲ. ಕೆಟ್ಟದ್ದು ನನ್ನ ಸೊಂಟ! ಎಂಜಿನ್ ಎಷ್ಟು ಭಾರವಿತ್ತೆಂದರೆ ಕಾರಿನ ಮೂತಿ ಸದಾ ನೆಲ ನೋಡುತ್ತಿತ್ತು. ಪೆಟ್ರೋಲ್ ಕಾಲದ ಪುಟ್ಟ ಬ್ಯಾಟರಿಗೆ ಅದನ್ನು ತಿರುಗಿಸುವ ತಾಕತ್ತಿರಲಿಲ್ಲ. ದೊಡ್ಡ ಬ್ಯಾಟರಿ ಹಾಕಿಸಿ ಎಂದರೆ ಭಾವನ ವಾದವೇ ಬೇರೆ. "ಸೆಲ್ಫ್ ಹೊಡದು ಎಬ್ಬಿಸಿದ್ರೆ ಎಂಜಿನ್ನಿಗೆ ಆಯಸ್ಸು ಕಮ್ಮಿ. ಮಲಗಿದ್ದ ಕೂಸನ್ನ ಕೆನ್ನೆಗೆ ಹೊಡದು ಎಬ್ಬಿಸ್ತಾರೇನು? ನಿಧಾನಕ್ಕೆ ಉರುಳಿಸ್ಬೇಕು." ಇಳಿಜಾರು ಸಿಕ್ಕಿದ ಕಡೆ ಅದು ತಾನೇ ಉರುಳುತ್ತಿತ್ತು. ಸಿಗದ ಕಡೆ ನಾನಿದ್ದೆ.

ನಾಲ್ಕು ವರ್ಷ ತಳ್ಳಿದೆ ಸ್ವಾಮಿ! ಹಿರಿಯೂರಿನಲ್ಲಿ ತಳ್ಳಿದೆ, ಹೊಳಲ್ಕೆರೆಯಲ್ಲಿ ತಳ್ಳಿದೆ. ಸಿರಿಗೆರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಬಸ್ಸಿಗೆ ಕಾಯುತ್ತ ನಿಂತು ನೋಡುತ್ತಿರುವಾಗ ತಳ್ಳಿದೆ. ಎಂಜಿನ್ ಹತ್ತಿಕೊಂಡ ಕೂಡಲೇ ಹಿಂದಿನ ಕೊಳವೆಯಿಂದ ಕರೀ ಹೊಗೆ ಭುಸ್ಸೆಂದು ನನ್ನ ಬಿಳಿ ಅಂಗಿಗೇ ಬರುತ್ತಿತ್ತು. ಭಾವ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೆ ಮತ್ತೆ ಆರಿಹೋದೀತು ಎಂಬ ಭಯ. ನಾನು ಓಡಿ ಹತ್ತಬೇಕು. ಒಳಗೆ ಕೂತ ಮೇಲೂ ಸುಖವೇನಿತ್ತು? ಆ ಎಂಜಿನ್ ನಡುಗುವ ನಡುಕಕ್ಕೆ ಹಿರಿಯೂರಿನಿಂದ ಅಕ್ಕ ತಂದ ಮೊಸರಿನ ಗಡಿಗೆಯಲ್ಲಿ ದುರ್ಗ ಮುಟ್ಟುವಷ್ಟರಲ್ಲಿ ಬೆಣ್ಣೆ ತೇಲಿತ್ತು.

ಇನ್ನು ಆರೈಕೆ. ಡೀಸೆಲ್‌ನಲ್ಲಿ ಒಂದು ಕಣ ಕಸ ಇದ್ದರೂ ನೋಜಲ್ ಕಟ್ಟುತ್ತದೆ ಎಂದು ಭಾವ ಅದನ್ನು ಮೂರು ಸಲ ಸೋಸಿ ಟ್ಯಾಂಕಿಗೆ ಹಾಕುತ್ತಿದ್ದರು. ಸೋಸುವ ಬಟ್ಟೆ ಯಾವುದು? ಅಕ್ಕನ ತೆಳು ವಾಯಿಲ್ ಸೀರೆ! ಅವಳು ಒಂದು ದಿನ ಪೆಟ್ಟಿಗೆ ತೆಗೆದು ನೋಡಿದಾಗ ಸೆರಗು ಇರಲಿಲ್ಲ.

"ನಮ್ಮನ್ಯಾಗೆ ಕುಡಿಯೋ ನೀರನ್ನ ಒಂದು ದಿನಾನೂ ಸೋಸಿಲ್ಲ ಈ ಮನುಷ್ಯ" ಎಂದು ಅಕ್ಕ ನನ್ನ ಮುಂದೆ ಕಣ್ಣೀರು ಹಾಕಿದಳು. "ನೋಡಪ್ಪ, ಆ ಕಾರು ಇರ್ಬೇಕು, ಇಲ್ಲ ನಾನಿರ್ಬೇಕು. ನೀನೇ ನಿಂತು ಮಾರಿಸಿಕೊಡು."

ನನಗೂ ಅದೇ ಬೇಕಾಗಿತ್ತು. ಸೊಂಟ ಬಗ್ಗಿಸಿದರೆ ಏಳುವುದಕ್ಕೆ ಗೋಡೆ ಹಿಡಿಯುವ ಸ್ಥಿತಿ. ಸ್ವಲ್ಪ ಎಣ್ಣೆ ಹಚ್ಚು ಮಾರಾಯ್ತಿ ಎಂದು ಮನೆಯಲ್ಲಿ ಕೇಳಿದರೆ, ಎಂಟು ತಿಂಗಳ ಬಸುರಿ ನನ್ನ ಹೆಂಡತಿ ತನ್ನ ಸೊಂಟದ ಮೇಲೆ ಕೈಯಿಟ್ಟು, "ನಿಮಗೋ, ನನಗೋ?" ಎಂದಳು. ಅವಳಿಗೆ ತಾಯಿ ಇರಲಿಲ್ಲ, ಹೆರಿಗೆ ನಮ್ಮೂರಿನ ಆಸ್ಪತ್ರೆಯಲ್ಲೇ ಆಗಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡು ನನಗೆ ನಾನೇ ಹಚ್ಚಿಕೊಂಡೆ.

ಅಕ್ಕ ಎರಡು ವಾರ ಮಾತು ಬಿಟ್ಟ ಮೇಲೆ ಭಾವ ಸೋತರು. "ಆಯ್ತು, ಗಿರಾಕಿ ಬಂದ್ರೆ ಕೊಟ್ಬಿಡ್ತೀನಿ" ಎಂದು ದೇವರ ಮನೆಯಲ್ಲಿ ನಿಂತು ಮಾತು ಕೊಟ್ಟರು. ನಾನು ಹುಡುಕಿ ಹುಡುಕಿ ಭರಮಸಾಗರದ ಒಬ್ಬ ಈರುಳ್ಳಿ ವ್ಯಾಪಾರಿಯನ್ನು ಹಿಡಿದು ತಂದೆ. ಅವರು ಕಾರಿನ ಸುತ್ತ ಎರಡು ಸಲ ಬಂದು, ಸೀಟು ಒತ್ತಿ ನೋಡಿ, ಮೆಚ್ಚಿ ತಲೆಯಾಡಿಸಿ, "ಎಂಜಿನ್ ಹೆಂಗೈತ್ರಿ?" ಎಂದು ಕೇಳಿದರು.

ಈಗ ನಾಲ್ಕು ಸಿಲಿಂಡರಿನ ಪುರಾಣ ಶುರುವಾಗುತ್ತದೆ ಎಂದುಕೊಂಡೆ.

"ಎಂಜಿನ್ ಬಗ್ಗೆ ಕೇಳಬ್ಯಾಡ್ರಿ" ಎಂದರು ಭಾವ, ತಲೆ ತಗ್ಗಿಸಿ. "ಹೊಗೆ ಕಾರ್ತೈತೆ. ಆಯಿಲ್ ಕುಡಿತೈತೆ. ತಳ್ಳದೆ ಹೊರಡಂಗಿಲ್ಲ. ನಿಮ್ಮಂಥೋರಿಗೆ ಮೋಸ ಮಾಡಬಾರ್ದು ನೋಡ್ರಿ."

ನಾವು ನಾಲ್ಕು ವರ್ಷ ಬಡಿದುಕೊಂಡರೂ ಒಪ್ಪದ ಸತ್ಯವೆಲ್ಲ ಒಂದೇ ಉಸಿರಿನಲ್ಲಿ ಹೊರಬಂತು! ವ್ಯಾಪಾರಿ ಕಾಫಿ ಕುಡಿದು, ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಸಿಗುವುದಿಲ್ಲ ಎಂದು ಕೈಮುಗಿದು ಬಸ್ ಸ್ಟ್ಯಾಂಡಿಗೆ ಹೋದರು. "ನಾನೇನು ಕೊಡಲ್ಲ ಅಂದ್ನಾ? ಅವ್ರೇ ಒಲ್ಲೆ ಅಂದ್ರು" ಎಂದು ಭಾವ ಒಳಗೆ ನಡೆದರು. ನನಗೆ ಮೈಯೆಲ್ಲ ಉರಿಯಿತು. ಇನ್ನು ಸತ್ತರೂ ಆ ಕಾರಿಗೆ ಕೈ ಹಚ್ಚುವುದಿಲ್ಲ ಎಂದು ಅಕ್ಕನಿಗೆ ಹೇಳಿ ಮನೆಗೆ ಬಂದೆ.

ಮೂರನೇ ದಿನ ಸ್ಕೂಲಿನಿಂದ ಬಂದಾಗ ನಮ್ಮ ಮನೆಯ ಮುಂದೆ ಗರಸು ಮಣ್ಣಿನ ಒಂದು ದಿಬ್ಬ ಎದ್ದಿತ್ತು. ನಾಲ್ಕು ಗಾಡಿ ಮಣ್ಣಾದರೂ ಇರಬೇಕು. ನೆತ್ತಿಯ ಮೇಲೆ ಕಾರು ನಿಂತಿತ್ತು. ದಿಬ್ಬದ ಇಳಿಜಾರಿಗೆ ನೀರು ಚಿಮುಕಿಸಿ, ಬನೀನು ತೊಟ್ಟು, ಗುದ್ದಲಿಯ ಹಿಂಬದಿಯಿಂದ ಬಡಿದು ಗಟ್ಟಿ ಮಾಡುತ್ತಿದ್ದವರು ನಮ್ಮ ಭಾವ.

"ಏನು ಭಾವ ಇದು?" ಎಂದೆ. ಕೋಪ ಇನ್ನೂ ಆರಿರಲಿಲ್ಲ.

"ನಿಮ್ಮನಿ ಮುಂದೆ ಸಪಾಟಪ್ಪ" ಎಂದರು, ತಲೆ ಎತ್ತದೆ. "ಬಸುರಿ ಹೆಣ್ಣುಮಗಳ ವಿಷಯ, ಹಿಂಗಾಗ್ತೈತೆ ಹಂಗಾಗ್ತೈತೆ ಅಂತ ಮೊದ್ಲೇ ಬಾಯಿಬಿಟ್ಟು ಆಡಬಾರ್ದು. ಅದಕ್ಕೇ ಗಿರಾಕೀನ ಯಾಕೆ ವಾಪಸ್ ಕಳಿಸ್ದೆ ಅಂತ ಯಾರಿಗೂ ಹೇಳ್ಲಿಲ್ಲ. ಆದ್ರೆ ಆ ದಿನ ಗಾಡಿ ಬೇಕಲ್ಲ? ಜಟಕಾ ಹುಡುಕ್ಕೊಂತ ಹೋಗ್ತೀಯಾ? ತಳ್ಳಾಕೆ ನೀನೊಬ್ನೇ ಇರ್ತೀಯ, ನಿನಗೆ ನೋಡಿದ್ರೆ ಸೊಂಟ ಇಲ್ಲ. ಇವತ್ತಿಂದ ಗಾಡಿ ಇಲ್ಲೇ ಇರ್ಲಿ. ನಾನೂ ನಿಮ್ಮ ಜಗಲಿ ಮ್ಯಾಲೇ ಮಲಗ್ತೀನಿ."

ನಾಚಿಕೆಯಾಯಿತು. ಚೀಲ ಕೆಳಗಿಟ್ಟು ಮಣ್ಣಿನ ಬುಟ್ಟಿಗೆ ಕೈ ಹಾಕಿದೆ. ಅವರು ಬೇಡ ಎಂದರು.

"ಒಂದು ಸಲ ನೋಡೇಬಿಡಾಣ. ನೀನು ತಳ್ಳಬ್ಯಾಡ. ಮುಂದ್ಗಡೆ ಪಕ್ಕಕ್ಕೆ ಹೋಗಿ ಸುಮ್ನೆ ನಿಂತ್ಕ."

ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ದಿಬ್ಬದ ಮೇಲೆ ಆಸ್ಪತ್ರೆಯ ಕಡೆ ಮುಖ ಮಾಡಿ ನಿಂತಿದ್ದ ಕಾರಿನೊಳಗೆ ಭಾವ ಕೂತು ಬ್ರೇಕು ಬಿಟ್ಟರು. ಕಾರು ಮೆಲ್ಲಗೆ ಉರುಳಿತು, ಒಂದು ಸಲ ಮುಗ್ಗರಿಸಿತು, ಹತ್ತಿಕೊಂಡಿತು. ನಾಲ್ಕು ವರ್ಷ ಬೆನ್ನ ಹಿಂದೆ ನಿಂತು ಬೈದುಕೊಂಡು ತಳ್ಳಿದವನು ನಾನು. ಎಂಜಿನ್ ಹತ್ತಿಕೊಳ್ಳುವ ಗಳಿಗೆಯಲ್ಲಿ ಭಾವನ ಮುಖ ಹೇಗಿರುತ್ತದೆ ಎಂದು ನೋಡಿದ್ದು ಅದೇ ಮೊದಲು.