ಉಕ್ಕಿಗೆ ಮಡಿ ಉಡಿಸಿದ ಮಾವ

ಇಡೀ ಚಾಮರಾಜಪೇಟೆಯಲ್ಲಿ ನಮ್ಮ ಸೋದರಮಾವನಷ್ಟು ಮಡಿವಂತರು ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಸಂಧ್ಯಾವಂದನೆಯೇ? ಅದನ್ನು ಉಪನಯನದ ಮರುವಾರವೇ ಬಿಟ್ಟರಂತೆ. ಏಕಾದಶಿ ದಿನ ಈರುಳ್ಳಿ ಬಜ್ಜಿ ತಿಂದು ಬಂದು ಅಜ್ಜಿಯಿಂದ ಬೈಸಿಕೊಂಡದ್ದಕ್ಕೆ ನಾನೇ ಸಾಕ್ಷಿ. ಅವರ ಮಡಿಯೆಲ್ಲ ಅಂಗೈಯಲ್ಲಿ ಹಿಡಿಸುವಷ್ಟು ಒಂದು ಉಕ್ಕಿನ ತುಂಡಿಗೆ ಮೀಸಲು!

ಮಾವನ ಕಸುಬು ನಾಣ್ಯದ ಅಚ್ಚು ಮಾಡುವುದು. ಅವರ ಬಾಯಲ್ಲಿ ಅದು ಡೈ. ಸರ್ಕಾರದ ನಾಣ್ಯ ಎಂದುಕೊಂಡು ಗಾಬರಿಯಾಗಬೇಡಿ, ಪೊಲೀಸರು ಬರುವಂಥದ್ದೇನೂ ಇಲ್ಲ. ಬೆಳ್ಳಿ ಅಂಗಡಿಯವರು ಹಬ್ಬಕ್ಕೆ ಮಾರುವ ಲಕ್ಷ್ಮಿಯ ಕಾಯಿನ್, ಶಾಲೆಯ ಪದಕ, ಇಂಥವಕ್ಕೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಉಕ್ಕಿನ ಮೇಲೆ ಲಕ್ಷ್ಮಿಯನ್ನು ತಗ್ಗಾಗಿ, ಅದೂ ಎಡಬಲ ಉಲ್ಟಾ ಮಾಡಿ ಕೊರೆಯಬೇಕು. ಆಗ ಬೆಳ್ಳಿಯ ಮೇಲೆ ಅವಳು ಉಬ್ಬಿ, ನೆಟ್ಟಗೆ ಬರುತ್ತಾಳೆ. ಕೊರೆದದ್ದನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಬೇಕು. ಆಮೇಲೆ ಶುರು, ಉಜ್ಜುವುದು! ಮೊದಲು ಸಾಣೆಕಲ್ಲು, ಆಮೇಲೆ ಒಂದಕ್ಕಿಂತ ಒಂದು ನಯವಾದ ಎಮರಿ ಕಾಗದ, ಕೊನೆಗೆ ವಜ್ರದ ಪುಡಿಯ ಪೇಸ್ಟು ಹಚ್ಚಿದ ಮರದ ಕಡ್ಡಿ. ಚಿತ್ರದ ಸುತ್ತಲಿನ ಬಯಲು ಕನ್ನಡಿಯಾಗುವ ತನಕ ಬಿಡುವಂತಿಲ್ಲ. ಅಚ್ಚಿನ ಮೇಲೆ ಕೂದಲೆಳೆಯಷ್ಟು ಗೀರು ಉಳಿದರೂ ಹೊಡೆದ ಪ್ರತಿ ಕಾಯಿನ್ನಿನ ಮೇಲೂ ಅದು ಹಾಜರ್.

ಹಾಗೆ ಕನ್ನಡಿಯಾದ ಮುಖವನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಬೆವರಲ್ಲಿರುವ ಉಪ್ಪು ಉಕ್ಕನ್ನು ತಿನ್ನುತ್ತದಂತೆ. ಉಪ್ಪಿನಕಾಯಿ ತಿಂದವರಿಗಂತೂ ಆ ಕೋಣೆಯ ಹೊಸ್ತಿಲೇ ಗಡಿ. ಚಿಕ್ಕಂದಿನಲ್ಲಿ ನಾನು ಬಾಗಿಲಿಗೆ ಹೋಗಿ ನಿಂತರೆ ಒಳಗಿನಿಂದ ವಿಚಾರಣೆ ನಡೆಯುತ್ತಿತ್ತು.

"ಊಟಕ್ಕೆ ಏನಿತ್ತು ಪುಟ್ಟಿ?"

"ಮೊಸರನ್ನ, ನಿಂಬೆಕಾಯಿ ಉಪ್ಪಿನಕಾಯಿ."

"ಹಾಗಾದ್ರೆ ಅಲ್ಲೇ ನಿಂತ್ಕೋ. ಉಸಿರೂ ಆ ಕಡೆ ತಿರುಗಿ ಬಿಡು!"

ಇದನ್ನು ಕೇಳಿ ಅಜ್ಜಿಗೆ ಎಷ್ಟು ಸಂತೋಷ! ಮಗ ಹೇಗೋ ದಾರಿಗೆ ಬಂದನಲ್ಲ ಎಂದು.

ಹೊಳೆಯುವುದು ಏನು ಕಂಡರೂ ಎತ್ತಿ ಟ್ಯೂಬ್‌ಲೈಟಿಗೆ ಓರೆ ಮಾಡಿ ನೋಡುವುದು ಮಾವನ ಚಾಳಿ. ನನ್ನ ಮದುವೆ ಮಾತುಕತೆಗೆಂದು ಮಲ್ಲೇಶ್ವರದ ಗಂಡಿನ ಮನೆಗೆ ಹೋದಾಗಲೂ ಅಷ್ಟೆ. ಕಾಫಿ ಕುಡಿದು ಮುಗಿಸಿ, ಲೋಟವನ್ನು ಓರೆ ಮಾಡಿದರು.

"ಬಫಿಂಗ್ ಸರಿಯಾಗಿಲ್ಲ ನೋಡಿ. ಎಲ್ಲಾ ಅಡ್ಡಡ್ಡ ಗೀರು" ಎಂದು ಅದನ್ನು ಗಂಡಿನ ತಾಯಿಯ ಕೈಗೇ ಕೊಟ್ಟರು. ಆಕೆಯ ಮುಖ ಬಿಗಿಯಿತು. ನಮ್ಮಮ್ಮ ನೆಲ ನೋಡತೊಡಗಿದಳು.

ಆಗ ಬಾಯಿ ಬಿಟ್ಟದ್ದು ನಮ್ಮತ್ತೆ, ಅಂದರೆ ಮಾವನ ಹೆಂಡತಿ. "ಬೇಜಾರು ಮಾಡ್ಕೋಬೇಡಿ. ನನ್ನ ನೋಡೋಕೆ ಬಂದಾಗ ಇವ್ರು ನಮ್ಮಪ್ಪನ ಬೋಳು ತಲೆ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಓರೆ ಮಾಡಿ ನೋಡಿದ್ರು!"

ಗಂಡಿನ ತಾಯಿ ನಕ್ಕರು. ನನ್ನ ಮದುವೆ ಉಳಿಯಿತು.

ಆ ಖುಷಿಗೆ ಮಾವ, ಮದುವೆಗೆ ಬರುವ ಹತ್ತಿರದವರಿಗೆಲ್ಲ ಒಂದೊಂದು ಬೆಳ್ಳಿ ಕಾಯಿನ್ ತಮ್ಮ ಉಡುಗೊರೆ ಎಂದು ಘೋಷಿಸಿಬಿಟ್ಟರು. ಮಧ್ಯೆ ಒಂದು ದೀಪ, ಸುತ್ತ ಬರೀ ಕನ್ನಡಿ. ಸಂಕ್ರಾಂತಿಗೆ ಉಜ್ಜಲು ಕೂತವರು ಮಾವಿನಕಾಯಿ ಕಾಲ ಬಂದರೂ ಏಳಲಿಲ್ಲ. ಇವತ್ತು ಮುಗಿಯಿತು ಎನ್ನುವರು, ನಾಳೆ ಭೂತಗನ್ನಡಿಯಲ್ಲಿ ಇನ್ನೊಂದು ಗೀರು ಕಾಣುವುದು, ಮತ್ತೆ ಎಮರಿ ಕಾಗದ. ಹಿಂಬದಿಯ ಅಚ್ಚು ಕಾಯಿನ್ ಹೊಡೆಯುವ ಪ್ರೆಸ್ಸಿಗೆ ಹೋಗಿ ಯಾವ ಕಾಲವಾಗಿತ್ತೋ! ಮದುವೆಗೆ ಒಂದು ವಾರ ಉಳಿಯಿತು.

"ರೀ, ಹೀಗೇ ಉಜ್ಜಿದ್ರೆ ದೀಪಾನೂ ಆರಿಹೋಗತ್ತೆ ಅಷ್ಟೇ" ಎಂದರು ಅತ್ತೆ. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ ಅತ್ತೆ ಅಚ್ಚನ್ನು ಎತ್ತಿ ಅಕ್ಕಿ ಡಬ್ಬದಲ್ಲಿ ಹೂತುಬಿಟ್ಟರು. ಉಪ್ಪಿನಕಾಯಿಗೆಂದು ಮಾವಿನಕಾಯಿ ಹೋಳಿಗೆ ಉಪ್ಪು ಕಲಸುತ್ತಿದ್ದವರು, ಅದೇ ಕೈಯಲ್ಲಿ ಎದ್ದು ಬಂದಿದ್ದರು!

ಮಾವ ಮೂರು ದಿನ ಮನೆಯೆಲ್ಲ ಜಾಲಾಡಿದರು. ನಾಲ್ಕನೇ ದಿನ ಅತ್ತೆ ಅಚ್ಚನ್ನು ಹೊರತೆಗೆದು, ಅದರ ಮೇಲಿದ್ದ ಕಂದು ಕಲೆಯನ್ನು ಸೆರಗಿನಲ್ಲಿ ಒರೆಸಿ, ತಾವೇ ಕಾಟನ್‌ಪೇಟೆಗೆ ಹೋಗಿ ಪ್ರೆಸ್ಸಿನವನಿಗೆ ಕೊಟ್ಟು ಬಂದರು. "ಕೊಟ್ಟಾಯ್ತು, ಇನ್ನು ಸುಮ್ನಿರಿ" ಎಂದರು. ಕಾಯಿನ್ನುಗಳು ನೇರ ಛತ್ರಕ್ಕೇ ಬಂದು, ಕುಂಕುಮದ ಜೊತೆ ಎಲ್ಲರ ಕೈ ಸೇರಿದವು. ಆಮೇಲೆ ಮಾವ ಒಂದನ್ನು ಟ್ಯೂಬ್‌ಲೈಟಿಗೆ ಓರೆ ಮಾಡಿದರು. ದೀಪದ ಪಕ್ಕ, ಕನ್ನಡಿಯ ನಟ್ಟನಡುವೆ, ಗೆರೆಗೆರೆಯಾಗಿ ಅತ್ತೆಯ ಹೆಬ್ಬೆಟ್ಟು!

"ಸೋದರಮಾವ ಎಲ್ಲಿ? ಹುಡುಗೀನ ಕರ್ಕೊಂಡು ಬನ್ನಿ" ಎಂದು ಪುರೋಹಿತರು ಕೂಗುತ್ತಿದ್ದರು. ಮಾವ ನನ್ನ ಕೈ ಹಿಡಿದು ಮಂಟಪಕ್ಕೆ ನಡೆಸಿಕೊಂಡು ಹೋದರು. ದಾರಿಯುದ್ದಕ್ಕೂ "ಉಪ್ಪು ಪುಟ್ಟಿ, ಉಪ್ಪು" ಎನ್ನುತ್ತಿದ್ದರು. ಆ ಫೋಟೋದಲ್ಲಿ ಅವರ ಮುಖ ನೋಡಿದವರು, ಸೊಸೆಯನ್ನು ಕಳಿಸಲು ಎಷ್ಟು ಸಂಕಟ ಪಾಪ ಎನ್ನುತ್ತಾರೆ.

ಮದುವೆ ಮುಗಿದದ್ದೇ ತಡ, ಅಚ್ಚನ್ನು ಮತ್ತೆ ಉಜ್ಜಿ, ಹೊಸ ಕಾಯಿನ್ ಹೊಡೆಸಿ, ಹಳೆಯದನ್ನು ಬದಲಾಯಿಸಿಕೊಳ್ಳಲು ಮಾವ ಊರು ಸುತ್ತತೊಡಗಿದರು. ಗವಿಪುರದಿಂದ ಮತ್ತಿಕೆರೆಯವರೆಗೆ ಒಂದು ಮನೆ ಬಿಡಲಿಲ್ಲ. "ನಮಸ್ಕಾರ, ನಮ್ಮನೆಯವಳ ಬೆರಳು ನಿಮ್ಮನೇಲಿದೆ" ಎಂದರೆ ಬಾಗಿಲು ತೆಗೆದವರು ಏನೆಂದು ತಿಳಿಯಬೇಕು ಹೇಳಿ! ಸಿಕ್ಕಿದ್ದನ್ನೆಲ್ಲ ಕರಗಿಸಿದರು. ಕೊನೆಗೆ ಉಳಿದದ್ದು ನನ್ನದೊಂದೇ.

"ಕೊಟ್ಬಿಡು ಪುಟ್ಟಿ. ನಾನು ಸತ್ತ ಮೇಲೂ ಅದು ನನ್ನ ಮಾನ ಕಳೆಯತ್ತೆ."

"ಅದು ನನ್ನ ಮದುವೆ ಕಾಯಿನ್ ಮಾವ. ಕೊಡಲ್ಲ."

ಪ್ರತಿ ಹಬ್ಬಕ್ಕೂ ಕೇಳುತ್ತಿದ್ದರು. ಪ್ರತಿ ಸಲವೂ ಅತ್ತೆ ಅವರ ಬೆನ್ನ ಹಿಂದೆ ನಿಂತು, ಕೊಡಬೇಡ ಎಂದು ನನಗೆ ಕಣ್ಣು ಮಿಟುಕಿಸುತ್ತಿದ್ದರು.

ಹೀಗೆ ಎಂಟು ವರ್ಷ ಕಳೆಯಿತು. ಬರೀ ಜ್ವರ ಎಂದುಕೊಂಡಿದ್ದೆವು, ಅತ್ತೆ ನಾಲ್ಕೇ ದಿನದಲ್ಲಿ ಹೋಗಿಬಿಟ್ಟರು. ಅದಾಗಿ ಒಂದು ತಿಂಗಳಿಗೆ, ಒಂದು ಮಧ್ಯಾಹ್ನ ಮಾವ ನಮ್ಮ ಮನೆಗೆ ಬಂದರು. ಊಟ ಮಾಡಿದರು. ನಾನು ಕಾಫಿ ತಂದಿಟ್ಟಾಗ, "ಆ ಕಾಯಿನ್ ತಾ" ಎಂದರು.

ನನಗೆ ಸಿಟ್ಟೇ ಬಂತು. ಈಗಲೂ ಇವರಿಗೆ ಅದೇ ಚಿಂತೆಯೇ? "ಕರಗಿಸೋಕಾದ್ರೆ ಕೊಡಲ್ಲ ಮಾವ" ಎಂದೆ.

"ಎಲ್ಲಾ ಕರಗಿಸಿಬಿಟ್ಟಿದೀನಿ ಪುಟ್ಟಿ" ಎಂದರು. "ಡೈಯಿಂದಾನೂ ಉಜ್ಜಿ ತೆಗೆದುಬಿಟ್ಟೆ. ಇನ್ನೆಲ್ಲೂ ಇಲ್ಲ."

ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ಬೀರುವಿನಿಂದ ತಂದುಕೊಟ್ಟೆ. ಚಿಕ್ಕಂದಿನ ಅಭ್ಯಾಸ ನೋಡಿ, "ಬಟ್ಟೇಲಿ ಹಿಡ್ಕೊಳ್ಳಿ ಮಾವ, ಉಪ್ಪಿನಕಾಯಿ ತಿಂದಿದೀರ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅವರು ಬಟ್ಟೆಯನ್ನು ಪಕ್ಕಕ್ಕಿಟ್ಟು, ಕಾಯಿನ್ನನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದರು.

"ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ರೆ ಉಲ್ಟಾ ಬರತ್ತೆ. ಅವಳು ಡೈ ಮೇಲೆ ಒತ್ತಿದ್ದೂ ಉಲ್ಟಾನೇ ಬಿದ್ದಿತ್ತು. ಅದ್ರಿಂದ ಕಾಯಿನ್ ಹೊಡೆದಾಗ ಮತ್ತೆ ನೆಟ್ಟಗಾಗಿದೆ. ಗೆರೆನೂ ಉಬ್ಬಿದೆ, ಮುಟ್ಟಿ ನೋಡು. ಇದು ಬೆರಳಿನ ಗುರುತಲ್ಲ ಪುಟ್ಟಿ. ಅವಳ ಬೆರಳೇ."

ನನಗೆ ಅಳು ತಡೆಯಲಾಗಲಿಲ್ಲ. ಮಾವ ತಮ್ಮ ಹೆಬ್ಬೆರಳನ್ನು ಹಾಗೇ, ಬರಿದಾಗಿ, ಅದರ ಮೇಲೆ ಇಟ್ಟುಕೊಂಡು, ಕಾಫಿ ಆರಿ ಕೆನೆಗಟ್ಟುವವರೆಗೂ ಕೂತಿದ್ದರು.