ತಪ್ಪೇ ಮಾಡದ ಗಂಟೆ

ನನ್ನ ಸಂಶೋಧನಾ ಲೇಖನಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ: ‘ಈ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಂದು ಶಾಲೆಯಲ್ಲಿ ಹಲವು ವರ್ಷಗಳಿಂದ ಒಂದೂ ತಪ್ಪಿಲ್ಲದೆ ನಡೆಯುತ್ತಿದೆ.’ ಆ ವಾಕ್ಯದ ಬಗ್ಗೆ ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ನನ್ನ ಕ್ಷೇತ್ರದ ವಿದ್ವಾಂಸರು ಕನ್ನಡದ ಹಗುರ ಬರಹಗಳನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇಲ್ಲಿ ಮಾಡುತ್ತಿದ್ದೇನೆ. ಅವರು ನನ್ನ ಲೇಖನಗಳನ್ನಾದರೂ ಓದಿದ್ದಾರೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ, ಆ ಮಾತು ಬೇರೆ.

ನಾನು ಬೆಳೆದದ್ದು ಧಾರವಾಡದ ಒಂದು ಮಿಷನ್ ಶಾಲೆಯ ಹಾಸ್ಟೆಲಿನಲ್ಲಿ. ಏಳಲು ಗಂಟೆ, ಪ್ರಾರ್ಥನೆಗೆ ಗಂಟೆ, ಉಣ್ಣಲು ಗಂಟೆ. ಈ ವಯಸ್ಸಿನಲ್ಲೂ ಎಲ್ಲಾದರೂ ಗಂಟೆ ಬಾರಿಸಿದರೆ ಕೈ ತೊಳೆಯಲು ಎದ್ದು ಹೋಗುತ್ತೇನೆ. ಬೈರಿದೇವರಕೊಪ್ಪದ ನಮ್ಮ ಮನೆಯ ಫ್ರಿಜ್ಜಿನ ಮೇಲೆ ದಿನದ ವೇಳಾಪಟ್ಟಿ ಅಂಟಿಸಿದ್ದೇನೆ. ಹೆಂಡತಿ ಅದರ ಮೇಲೆ ಹಾಲಿನವನ ಫೋನ್ ನಂಬರು ಬರೆದುಕೊಂಡಿದ್ದಾಳೆ. ಇಂಥ ಮನುಷ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಸಿ, ಕೊನೆಗೆ ತಾನೇ ಒಂದು ಭಾಷೆ ಕಟ್ಟಿದರೆ ಅದು ಹೇಗಿದ್ದೀತು? ಹೆಸರು ‘ಶಿಸ್ತು’. ಕಂಪ್ಯೂಟರು ಏನೇನು ಮಾಡಬೇಕೋ ಎಲ್ಲವನ್ನೂ ಅದರಲ್ಲಿ ಮೊದಲೇ ಹೇಳಿಬಿಡಬೇಕು. ಕೆಲಸ ಶುರುವಾದ ಮೇಲೆ ಯಾರೂ ಏನನ್ನೂ ಬದಲಿಸುವಂತಿಲ್ಲ. ಈ ಗುಣವನ್ನು ಹೊಗಳಿ ನಾನೇ ಒಂದು ಅಧ್ಯಾಯ ಬರೆದಿದ್ದೇನೆ. ನನ್ನ ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಅದನ್ನು ಬಳಸಿದರು. ಪದವಿ ಕೈಗೆ ಬಂದ ವಾರವೇ ಇಬ್ಬರೂ ಬಿಟ್ಟರು.

ಉಳಿದದ್ದು ಶಾಲೆಯ ಗಂಟೆಯೊಂದೇ. ಹನ್ನೊಂದು ವರ್ಷದ ಹಿಂದೆ ನನ್ನ ಹಳೆಯ ಶಾಲೆಗೆ ಒಂದು ಕಂಪ್ಯೂಟರು, ಒಂದು ಕರೆಂಟಿನ ಗಂಟೆ ಕೊಟ್ಟು, ‘ಶಿಸ್ತು’ವಿನಲ್ಲಿ ವೇಳಾಪಟ್ಟಿ ಬರೆದು ಕೂಡಿಸಿ ಬಂದೆ. ಬೇವಿನ ಮರಕ್ಕೆ ತೂಗುಬಿಟ್ಟ ರೈಲು ಹಳಿಯ ತುಂಡನ್ನು ಬಡಿಯುತ್ತಿದ್ದ ಜವಾನ ಸಮುವೇಲಪ್ಪನವರಿಗೆ ಇನ್ನು ಆರಾಮ ಎಂದುಕೊಂಡೆ. ಅಂದಿನಿಂದ ಪ್ರತಿ ಶನಿವಾರ ಬಸ್ಸು ಹಿಡಿದು ಧಾರವಾಡಕ್ಕೆ ಹೋಗುತ್ತೇನೆ. ಪಾಠಕ್ಕೆ ಅಡ್ಡಿಯಾಗಬಾರದೆಂದು ಶಾಲೆ ಬಿಟ್ಟ ಮೇಲೆಯೇ ಹೋಗುತ್ತೇನೆ. ಕಂಪ್ಯೂಟರು ತಾನೇ ಬರೆದಿಟ್ಟ ದಿನಚರಿ ಓದುತ್ತೇನೆ. ‘ಹತ್ತು ಗಂಟೆ: ಬಾರಿಸಲಾಗಿದೆ. ತಪ್ಪು: ಇಲ್ಲ.’ ಸಂತೋಷದಿಂದ ಮನೆಗೆ ಬರುತ್ತೇನೆ.

ಕಳೆದ ತಿಂಗಳು, ನಾನು ನಿವೃತ್ತನಾದ ಕಾಲೇಜಿನಿಂದ ಫೋನು ಬಂತು. ಈಗ ವಿಭಾಗದ ಮುಖ್ಯಸ್ಥೆಯಾಗಿರುವವಳು ನನ್ನ ಹಳೆಯ ವಿದ್ಯಾರ್ಥಿನಿ. ‘ಶಿಸ್ತು’ವನ್ನು ಪಠ್ಯಕ್ರಮದಿಂದ ತೆಗೆಯುವ ಮಾತು ನಡೆದಿದೆಯಂತೆ. “ಸರ, ಅದನ್ನ ಯಾರರೆ ಬಳಸಾಕತ್ತಾರ ಅಂತ ಒಂದು ಸಾಕ್ಷಿ ತೋರಿಸ್ರಿ, ಉಳಿಸ್ಕೋತೇನಿ,” ಅಂದಳು. ಬಂದು ಒಂದು ಉಪನ್ಯಾಸ ಕೊಡಿ ಎಂದೂ ಹೇಳಿದಳು. ಗಂಟೆ ಬಾರಿಸುವುದನ್ನೇ ವಿಡಿಯೊ ಮಾಡಿ ತೋರಿಸಿದರಾಯಿತೆಂದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಶಾಲೆಯ ವೇಳೆಯಲ್ಲಿ ಶಾಲೆಗೆ ಹೋದೆ.

ಫೋನು ಎತ್ತಿ ಹಿಡಿದು ನಿಂತೆ. ಹತ್ತಾಯಿತು. ಹತ್ತೂ ಒಂದು, ಹತ್ತೂ ಎರಡು. ಹತ್ತೂ ನಾಲ್ಕಕ್ಕೆ ಬೇವಿನ ಮರದ ಕಡೆಯಿಂದ ಠಣ್ ಠಣ್ ಎಂದಿತು. ಸಮುವೇಲಪ್ಪ ಹಳಿ ಬಡಿಯುತ್ತಿದ್ದರು. ಒಳಗೆ ಓಡಿದೆ. ಪರದೆಯ ಮೇಲೆ ‘ಹತ್ತು ಗಂಟೆ: ಬಾರಿಸಲಾಗಿದೆ. ತಪ್ಪು: ಇಲ್ಲ.’ ಕಂಪ್ಯೂಟರಿನಿಂದ ಹೊರಟ ವೈರು ಹಿಡಿದು ಹೋದೆ. ಅದು ಕಪಾಟಿನ ಹಿಂದೆ ಮುಗಿದಿತ್ತು. ತುದಿಗೆ ಒಂದು ಅರಿವೆಯ ತುಂಡು ಚೊಕ್ಕಟವಾಗಿ ಸುತ್ತಿತ್ತು.

ಸಮುವೇಲಪ್ಪ ಏನನ್ನೂ ಮುಚ್ಚಿಡಲಿಲ್ಲ. ಗಂಟೆ ಹಾಕಿದ ಎರಡನೇ ತಿಂಗಳು ಜೋರು ಮಳೆ ಬಂದು, ಹಳ್ಳಿಯ ಮಕ್ಕಳನ್ನು ತರುವ ಅಮ್ಮಿನಬಾವಿಯ ಬಸ್ಸು ತಡವಾಯಿತಂತೆ. ಹತ್ತು ನಿಮಿಷ ತಡೆದು ಬಾರಿಸಿ ಎಂದು ಹೆಡ್‌ಮಿಸ್ಟ್ರೆಸ್ ದೊಡ್ಡ ಬಾಯಾರು ಹೇಳಿದರೆ ಯಂತ್ರ ಒಪ್ಪಲಿಲ್ಲವಂತೆ. ತೊಯ್ದು ಬಂದ ಮಕ್ಕಳು ತಡವಾದ ತಪ್ಪಿಗೆ ಗೇಟಿನ ಹೊರಗೆ ನಿಂತರು.

“ಅವತ್ತ ವೈರ್ ತಗದೇನ್ರಿ. ಮತ್ತ ಹಚ್ಚಲಿಲ್ಲ. ಇವತ್ತೂ ಬಸ್ ಸ್ವಲ್ಪ ತಡಾ ಆತ್ರಿ.”

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವು ವಾರಾ ವಾರಾ ಬಂದು ನೋಡಿ ಖುಷಿಯಾಗಿ ಹೋಗ್ತಿದ್ರಿ. ಹೆಂಗ್ ಹೇಳ್ಲಿ, ಸರ? ಹಂಗಂತ ಅದರ ಸೇವಾದಾಗ ಏನೂ ಕಮ್ಮಿ ಮಾಡಿಲ್ರಿ. ದಿನಾ ಒರಸ್ತೇನಿ. ಕರೆಂಟ್ ಹೋಗಿ ಬಂದ್ರ ಚಾಲೂ ಮಾಡ್ತೇನಿ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ; ಅದೇ ಹೆಚ್ಚು ನೋವಾಯಿತು. ಹುರುಳಿಕಾಯಿಯ ನಾರು ತೆಗೆದು ಸೋಸುತ್ತ, “ನಾಳೆ ಉಪನ್ಯಾಸದಾಗ ಏನ್ ಹೇಳ್ತೀರಿ?” ಎಂದು ಮಾತ್ರ ಕೇಳಿದಳು. ‘ಹನ್ನೊಂದು ವರ್ಷ ಒಂದೂ ತಪ್ಪಿಲ್ಲದೆ ನಡೆದಿದೆ’ ಎಂದು ಬರೆದಿಟ್ಟಿದ್ದೆ. ಒಂದು ದೃಷ್ಟಿಯಲ್ಲಿ ಅದು ಖರೆಯೇ. ಆದರೂ ಹೊಡೆದು ಹಾಕಿ, ‘ಹನ್ನೊಂದು ವರ್ಷದಲ್ಲಿ ಬಳಕೆದಾರರಿಂದ ಒಂದೂ ದೂರು ಬಂದಿಲ್ಲ’ ಎಂದು ತಿದ್ದಿದೆ. ವಿಡಿಯೊ ಇಲ್ಲದ್ದರಿಂದ ಸಾಕ್ಷಿಯಾಗಿ ಸಮುವೇಲಪ್ಪನವರನ್ನೇ ಕರೆದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತರು.

ಉಪನ್ಯಾಸ ಮುಗಿದ ಮೇಲೆ ಹಿಂದಿನಿಂದ ಒಬ್ಬ ಹುಡುಗಿ ಎದ್ದು, ಬಳಕೆದಾರರ ಅಭಿಪ್ರಾಯ ಕೇಳಬಹುದೇ ಅಂದಳು. ಸಮುವೇಲಪ್ಪ ಎದ್ದು ನಿಂತು ಸಭೆಗೆ ಕೈಮುಗಿದರು.

“ಭಾಳ ಶಾಂತ ಐತ್ರಿ. ಯಾರಿಗೂ ತ್ರಾಸ ಕೊಡೂದಿಲ್ಲ.”

ಚಪ್ಪಾಳೆ ಬಿತ್ತು. ‘ಶಿಸ್ತು’ ಇನ್ನೊಂದು ವರ್ಷ ಉಳಿಯಿತು.

ಆದರೆ ಮನಸ್ಸು ಒಪ್ಪಲಿಲ್ಲ. ಫ್ರಿಜ್ಜಿನ ಮೇಲಿನ ವೇಳಾಪಟ್ಟಿಯನ್ನು ಬದಿಗಿಟ್ಟು ಎರಡು ವಾರ ಕೂತು, ‘ಶಿಸ್ತು’ವಿಗೆ ಹೊಸದೊಂದು ಗುಣ ಸೇರಿಸಿದೆ: ಕಾಯುವುದು. ಹೋದ ಶನಿವಾರ ಅದನ್ನು ಹಾಕಿ ಸಮುವೇಲಪ್ಪನವರಿಗೆ ತೋರಿಸಿದೆ. ಇನ್ನು ಬಸ್ಸು ತಡವಾದರೆ ಗಂಟೆಯೂ ಕಾಯುತ್ತದೆ ಎಂದೆ. ಅವರು ಬಗ್ಗಿ ಪರದೆಯನ್ನೇ ನೋಡಿದರು.

“ಬಸ್ ತಡಾ ಆಗ್ತೈತಿ ಅಂತ ಅದಕ್ಕ ಹೆಂಗ್ ಗೊತ್ತಾಗ್ತೈತ್ರಿ, ಸರ?”

“ಹಿಂದಿನ ದಿನ ಸಂಜೀ ಐದರೊಳಗ ನೀವು ಬರದು ಕೊಡಬೇಕು,” ಎಂದೆ.

ಸಮುವೇಲಪ್ಪ ಕಪಾಟಿನ ಹಿಂದೆ ಕೈ ಹಾಕಿ ವೈರಿಗೆ ಸುತ್ತಿದ್ದ ಅರಿವೆ ಬಿಚ್ಚಿದರು, ಕಂಪ್ಯೂಟರಿನ ಧೂಳನ್ನು ನಿಧಾನವಾಗಿ ಒರೆಸಿದರು, ಮತ್ತೆ ವೈರಿಗೇ ಸುತ್ತಿಟ್ಟರು.