ಪೀಪ್ ಇಲ್ಲದೆ ಹಾಡದ ರಾಡೆನ್

ಭಾನುವಾರ ಬೆಳಿಗ್ಗೆ ಪಾರ್ಡಿಮನ್ ತನ್ನ ಜೆರಾಕ್ಸ್ ಅಂಗಡಿಯ ಹೊಸ ಕಂಪ್ಯೂಟರಿನ ಗುಂಡಿ ಒತ್ತಿದ. ಪೆಟ್ಟಿಗೆಯೊಳಗೆ ಏಳು ಬಣ್ಣದ ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಬೆಳಗಿತು. ಸದ್ದು ಮಾತ್ರ ಒಂದೂ ಬರಲಿಲ್ಲ. ಹಾಲು ಕದ್ದು ಕುಡಿದ ಬೆಕ್ಕಿನ ಹಾಗೆ ಯಂತ್ರ ತನ್ನ ಪಾಡಿಗೆ ತಾನು ಎದ್ದು ಕುಳಿತಿತು.

ಮೇಲೆ ತೂಗುತ್ತಿದ್ದ ಪಂಜರದಲ್ಲಿ ರಾಡೆನ್ ಕತ್ತು ಓರೆ ಮಾಡಿ ಕಾಯಿತು. ಇನ್ನೂ ಸ್ವಲ್ಪ ಕಾಯಿತು. ಆಮೇಲೆ ಗರಿ ಉಬ್ಬಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟಿತು.

ಪಾರ್ಡಿಮನ್ ಯಂತ್ರ ಆರಿಸಿ ಮತ್ತೊಮ್ಮೆ ಗುಂಡಿ ಒತ್ತಿ ನೋಡಿದ.

ರಾಡೆನ್ ಮುರಾಯ್ ಜಾತಿಯ ಹಾಡುಹಕ್ಕಿ. ಕಂದು ಎದೆ, ಗೇಣುದ್ದದ ಬಾಲ. ಸೋಲೋ ಪಟ್ಟಣದ ಆ ಓಣಿಯಲ್ಲಿ ಅಂಥ ಕಂಠ ಇನ್ನೊಂದಿರಲಿಲ್ಲ. ಮರಿಯಾಗಿದ್ದಾಗಿನಿಂದ ಅದು ಬೆಳೆದದ್ದು ಹಳೆಯ ಕಂಪ್ಯೂಟರಿನ ನೆತ್ತಿಯ ಮೇಲೆ. ಆ ಮುದಿ ಪೆಟ್ಟಿಗೆ ದಿನಾ ಬೆಳಿಗ್ಗೆ ಏಳುವಾಗ ‘ಪೀಪ್’ ಎಂದು ಒಮ್ಮೆ ಕೂಗುತ್ತಿತ್ತು. ರಾಡೆನ್ ತಾನೂ ‘ಪೀಪ್’ ಎಂದು ಉತ್ತರ ಕೊಟ್ಟು ಹಾಡಲು ಶುರು ಮಾಡಿತೆಂದರೆ ಎದುರಿನ ಸಾರಿನ ಗಾಡಿಯವನು ಸೌಟು ಹಿಡಿದುಕೊಂಡೇ ನಿಂತುಬಿಡುತ್ತಿದ್ದ. ಬೆಳಗಿನ ಆ ಒಂದು ಪೀಪ್ ಕೇಳಿದರೆ ಸಂಜೆಯ ತನಕ ಗಂಟಲು ತೆರೆದೇ ಇರುತ್ತಿತ್ತು. ಕೇಳದ ದಿನ ಅದು ಬಾಯಿ ಬಿಟ್ಟದ್ದೇ ಇಲ್ಲ. ನಿನ್ನೆ ಹಳೆಯದನ್ನು ಕೊಟ್ಟು ಹೊಸದು ತರುವಾಗ ಪಾರ್ಡಿಮನ್ ಎಲ್ಲವನ್ನೂ ಯೋಚಿಸಿದ್ದ, ಇದೊಂದನ್ನು ಬಿಟ್ಟು.

ಇವತ್ತೇ ಹಕ್ಕಿಗಳ ಹಾಡಿನ ಪಂದ್ಯ.

“ನೆನಪಿದೆ ತಾನೆ ಮಾಸ್?” ಎಂದಳು ಗಂಡನನ್ನು ಹಾಗೇ ಕರೆಯುತ್ತಿದ್ದ ಮುರ್ನಿ, ಹಕ್ಕಿಗೆ ಮಿಡತೆ ತಿನ್ನಿಸುತ್ತಾ. “ಹೋದ ವರ್ಷ ಎರಡನೇದು, ಅದರ ಹಿಂದಿನ ವರ್ಷ ಮೂರನೇದು. ಈ ಸಲ ಮೊದಲನೇದು ಬರದಿದ್ರೆ ಇದು ನಮ್ಮಣ್ಣನ ಮನೆಗೆ. ನೀವೇ ಹಬ್ಬದ ದಿನ ಎಲ್ಲರ ಎದುರಿಗೆ ಮಾತು ಕೊಟ್ಟಿದ್ದೀರಿ. ನನ್ನ ಅಡುಗೆಮನೆ ತುಂಬ ಮಿಡತೆ, ಅನ್ನದ ಪಾತ್ರೆ ತೆಗೆದ್ರೂ ಮಿಡತೆ.”

“ಬರುತ್ತೆ ಬಿಡು,” ಎಂದ ಪಾರ್ಡಿಮನ್.

ಅಷ್ಟರಲ್ಲಿ ಓಣಿಯ ಮುಖ್ಯಸ್ಥ ಪಾಕ್ ಜುಮಾಡಿ, ಅಂದರೆ ಜುಮಾಡಿ ಯಜಮಾನ, ಲುಂಗಿ ಎತ್ತಿ ಕಟ್ಟಿಕೊಂಡು ಬಂದ. ಯಾರ ಮನೆಯಲ್ಲಿ ತೊಂದರೆಯಾದರೂ ಅವನ ಮೂಗಿಗೆ ಬಡಿಯುತ್ತಿತ್ತು. ಸಂಗತಿ ಕೇಳಿ ನಕ್ಕ. “ಇಷ್ಟೇನಾ? ಫೋನಿನಲ್ಲಿ ಎಂಥ ಸದ್ದು ಬೇಕಾದ್ರೂ ಸಿಗುತ್ತಪ್ಪ.”

ಹುಡುಕಿ, ಫೋನನ್ನು ಪಂಜರಕ್ಕೆ ಹಿಡಿದ. ಮೊದಲು ಸೋಪಿನ ಜಾಹೀರಾತು ಬಂತು. ಆಮೇಲೆ ಬಂದ ಪೀಪ್ ತಗಡಿನ ಡಬ್ಬಿಯೊಳಗೆ ಸಿಕ್ಕಿಬಿದ್ದ ಸೊಳ್ಳೆಯಂತಿತ್ತು. ರಾಡೆನ್ ಬಾಲ ತಿರುಗಿಸಿತು. ಜುಮಾಡಿ ಗಂಟಲು ಸರಿಮಾಡಿಕೊಂಡು ತಾನೇ ಬಾಯಲ್ಲಿ ‘ಪೀಪ್’ ಎಂದ. ಹಕ್ಕಿ ಅವನನ್ನು ಕನಿಕರದಿಂದ ನೋಡಿತು.

“ನಾನು ಹಕ್ಕೀನ ಮೈದಾನಕ್ಕೆ ಒಯ್ದು ಜಾಗ ಹಿಡೀತೀನಿ,” ಎಂದಳು ಮುರ್ನಿ. “ನೀವಿಬ್ಬರೂ ಹೋಗಿ ಆ ಪೀಪ್ ಎಲ್ಲಿದೆಯೋ ಹುಡುಕ್ಕೊಂಡು ಬನ್ನಿ.”

ಜುಮಾಡಿಯ ಬೈಕು ನಿನ್ನೆ ಹೊಸ ಕಂಪ್ಯೂಟರ್ ಕೊಟ್ಟ ಕೋ ಲಿಯಾಂಗ್‌ನ, ಅಂದರೆ ಲಿಯಾಂಗಣ್ಣನ, ಅಂಗಡಿಯ ಮುಂದೆ ನಿಂತಿತು.

“ನನ್ನ ಕಂಪ್ಯೂಟರಿಗೆ ಬಾಯಿ ಇಲ್ಲ ಕೋ,” ಎಂದ ಪಾರ್ಡಿಮನ್.

“ಈಗಿನ ಯಾವುದಕ್ಕೂ ಇಲ್ಲ ಪಾಕ್. ಮೊದಲೆಲ್ಲ ಅಂಗಿ ಗುಂಡಿಯಷ್ಟು ಅಗಲದ ಒಂದು ಸ್ಪೀಕರ್ ಹಾಕಿರ್ತಿದ್ರು. ಯಂತ್ರ ಚೆನ್ನಾಗಿದ್ರೆ ಒಂದು ಸಲ ಕೂಗೋದು, ಕೆಟ್ಟಿದ್ರೆ ಅಳೋದು. ಈಗ ಅದನ್ನ ಹಾಕೋದೇ ಬಿಟ್ಟರು. ಸಿಗಿಸೋಕೆ ಪಿನ್ನು ಇದೆ, ಸ್ಪೀಕರ್ ಕೇಳೋರೇ ಇಲ್ಲ. ಬೇಕಾದ್ರೆ ಜಕಾರ್ತಾದಿಂದ ತರಿಸ್ತೀನಿ. ಮುಂದಿನ ವಾರ ಬರುತ್ತೆ. ಅಲ್ಲೀವರೆಗೆ ಇನ್ನೊಂದು ಬಣ್ಣದ ಫ್ಯಾನು ಹಾಕ್ಲಾ?”

“ನನ್ನ ಹಳೇ ಪೆಟ್ಟಿಗೆ ಎಲ್ಲಿ?”

ಲಿಯಾಂಗ್‌ನ ಕಿವಿ ಕೆಂಪಗಾಯಿತು. ಅದನ್ನು ನಿನ್ನೆ ಸಂಜೆಯೇ ಬು ಎಂಡಾಂಗ್ ಎಂಬ ಟೀಚರಮ್ಮನ ಶಿಶುವಿಹಾರಕ್ಕೆ ಸುಮ್ಮನೆ ಕೊಟ್ಟುಬಿಟ್ಟಿದ್ದ. ಒಳ್ಳೆಯ ಕೆಲಸ ಮಾಡಿ ಸಿಕ್ಕಿಬಿದ್ದವರ ಮುಖ ಹಾಗೇ ಇರುತ್ತದೆ.

ಬು ಎಂಡಾಂಗ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಕತೆಯನ್ನು ಪೂರ್ತಿ ಕೇಳಿದರು, ನಗಲಿಲ್ಲ. ಪೆಟ್ಟಿಗೆಗೆ ಧೂಳು ಹೋಗದಿರಲೆಂದು ತಮ್ಮ ಬಾತಿಕ್ ಬಟ್ಟೆಯೊಂದನ್ನು ಹಗ್ಗದಿಂದಿಳಿಸಿ ಸುತ್ತಿ, ಕೂಸನ್ನು ಕೊಡುವಂತೆ ಬೈಕಿನ ಹಿಂದೆ ಕುಳಿತ ಪಾರ್ಡಿಮನ್‌ನ ತೊಡೆಯ ಮೇಲಿಟ್ಟರು. “ಸಂಜೆ ವಾಪಸ್ ತಂದುಕೊಡಿ ಪಾಕ್. ಮಕ್ಕಳು ಇದರ ಗುಂಡಿ ಒತ್ತೋಕೆ ನಾಳೆ ಸಾಲು ನಿಲ್ತಾರೆ.”

ಇಬ್ಬರೂ ಮೈದಾನ ಸೇರಿದಾಗ ಮುರಾಯ್ ಹಕ್ಕಿಗಳ ಸುತ್ತು ಶುರುವಾಗುತ್ತಿತ್ತು. ಪಂಜರಗಳು ಸಾಲಾಗಿ ತೂಗುತ್ತಿದ್ದವು. ಒಡೆಯರೆಲ್ಲ ಹಗ್ಗದಾಚೆ ನಿಂತು ಸಿಳ್ಳೆ ಹೊಡೆದು, ಕೂಗಿ, ಚಪ್ಪಾಳೆ ತಟ್ಟಿ ತಮ್ಮ ತಮ್ಮ ಹಕ್ಕಿಗಳನ್ನು ಹುರಿದುಂಬಿಸುತ್ತಿದ್ದರು. ಮುರ್ನಿ ತನ್ನ ಕೊಡೆಯನ್ನು ಪಂಜರಕ್ಕೆ ಹಿಡಿದು, ತಾನು ಉರಿಬಿಸಿಲಿನಲ್ಲಿ ನಿಂತಿದ್ದಳು. ರಾಡೆನ್ ಹತ್ತಿಯ ಉಂಡೆಯಂತೆ ಕುಳಿತಿತ್ತು.

ಜುಮಾಡಿ ಮೈಕಿನವನ ಕೈಕಾಲು ಹಿಡಿದು ಜನರೇಟರಿನಿಂದ ತಂತಿ ಎಳೆಸಿದ. ಪಾರ್ಡಿಮನ್ ಗುಂಡಿ ಒತ್ತಿದ.

ಪೆಟ್ಟಿಗೆ ಒಂದು ಸಲ ಕೂಗಿ ಸುಮ್ಮನಾಗಲಿಲ್ಲ. ಪೀ... ಪೀ... ಪೀ... ಎಂದು ತಾಯಿ ಕಾಣದ ಮಗುವಿನಂತೆ ಒಂದೇ ಸಮನೆ ಗೋಳಾಡತೊಡಗಿತು. ಮೈದಾನದ ಹಕ್ಕಿಗಳೆಲ್ಲ ಬೆಚ್ಚಿ ಬಾಯಿ ಮುಚ್ಚಿದವು. ಒಡೆಯರೆಲ್ಲ ಇತ್ತ ತಿರುಗಿ ಕಣ್ಣು ಕೆಂಪಗೆ ಮಾಡಿದರು.

“ಬೈಕಿನ ಕುಲುಕಾಟಕ್ಕೆ ಮೆಮೊರಿ ಪಟ್ಟಿ ಸಡಿಲಾಗಿದೆ,” ಎಂದ ಪಾರ್ಡಿಮನ್. ಹಳೆಯ ಪೆಟ್ಟಿಗೆಯ ಜೊತೆ ಬಾಳಿದವನಿಗೆ ಅದರ ಅಳು ಗೊತ್ತಿತ್ತು. “ಯಾರ ಹತ್ತಿರಾದ್ರೂ ರಬ್ಬರ್ ಇದೆಯಾ?”

ಅಂಕ ಹಾಕಲು ನಿಂತಿದ್ದ ನಿರ್ಣಾಯಕ ತುದಿಯಲ್ಲಿ ರಬ್ಬರಿದ್ದ ತನ್ನ ಪೆನ್ಸಿಲನ್ನು ಹಗ್ಗದಾಚೆಗೆ ಚಾಚಿದ. ಪಾರ್ಡಿಮನ್ ತಂತಿ ಕಿತ್ತು, ಪಟ್ಟಿಯನ್ನು ಹೊರಗೆಳೆದು, ಅದರ ಲೋಹದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಒಳಗೆ ಒತ್ತಿದ. ತಂತಿ ಸಿಗಿಸಿ ಗುಂಡಿ ಮುಟ್ಟಿದ.

‘ಪೀಪ್.’

ರಾಡೆನ್ ಗರಿ ಇಳಿಸಿತು. ಕತ್ತು ಎತ್ತಿತು. ‘ಪೀಪ್,’ ಎಂದಿತು.

ಆಮೇಲೆ ಅಣೆಕಟ್ಟಿನ ಬಾಗಿಲು ತೆಗೆದಂತಾಯಿತು. ಒಂದು ರಾಗ ಮುಗಿಯುವ ಮೊದಲೇ ಇನ್ನೊಂದು, ಅದರ ಬೆನ್ನಿಗೇ ಮತ್ತೊಂದು. ಬಾಲ ಬೀಸಣಿಗೆಯಂತೆ ಆಡಿತು. ನಡುನಡುವೆ ಒಂದೊಂದು ಪೀಪ್, ಊಟದ ನಡುವಿನ ಉಪ್ಪಿನಕಾಯಿಯ ಹಾಗೆ. ಸಿಳ್ಳೆ ಹೊಡೆಯುತ್ತಿದ್ದವರು ಸಿಳ್ಳೆ ಮರೆತರು. ನಿರ್ಣಾಯಕರು ಒಬ್ಬೊಬ್ಬರಾಗಿ ಬಂದು ರಾಡೆನ್‌ನ ಪಂಜರದ ಕೆಳಗೆ ಮೆಚ್ಚುಗೆಯ ಬಾವುಟ ನೆಟ್ಟರು.

ಪಕ್ಕದ ಪಂಜರದವನು ತಕರಾರು ತೆಗೆದ. “ಯಂತ್ರ ತಂದು ಹಾಡಿಸೋದು ಯಾವ ನ್ಯಾಯ?”

“ಯಂತ್ರ ಎಲ್ಲಿ ಹಾಡ್ತು ಪಾಕ್?” ಎಂದ ಪೆನ್ಸಿಲ್ ಕೊಟ್ಟ ನಿರ್ಣಾಯಕ. “ಅದು ಒಂದು ಸಲ ಕೆಮ್ಮಿತು. ನೀವು ಬೆಳಿಗ್ಗೆಯಿಂದ ಕಿರುಚ್ತಾ ಇದ್ದೀರಿ, ನಾನೇನಾದ್ರೂ ಅಂದ್ನಾ?”

ಮೊದಲ ಬಹುಮಾನ ರಾಡೆನ್‌ಗೇ ಬಂತು. ಜುಮಾಡಿ ಪಾರ್ಡಿಮನ್‌ನನ್ನು ಎತ್ತಿಕೊಂಡು ಕುಣಿದ. ಮುರ್ನಿ ಪಕ್ಕದ ಹೆಂಗಸಿಗೆ, “ನಮ್ಮದು, ನಮ್ಮನೇಲೇ ಬೆಳೆದದ್ದು. ನನ್ನ ಅಡುಗೆಮನೇ ಮಿಡತೆ ತಿಂದೇ ಇಷ್ಟು ಕಂಠ ಬಂದಿರೋದು,” ಎಂದು ಹೇಳುತ್ತಿದ್ದಳು.

ಬಹುಮಾನ ಕೊಟ್ಟವರು ಪೊಲೀಸ್ ಠಾಣೆಗೆ ಹೊಸದಾಗಿ ಬಂದ ಅಧಿಕಾರಿ ಪಾಕ್ ಸಿಂಬೊಲೊನ್. ಎಮ್ಮೆಯಂಥ ಆಳು, ಮಗುವಿನಂಥ ಕಣ್ಣು. ಸೊಂಟದೆತ್ತರದ ಬಂಗಾರ ಬಣ್ಣದ ಟ್ರೋಫಿಯನ್ನು ಕೈಗಿತ್ತು, ಪಂಜರದ ಮುಂದೆ ನಿಂತುಬಿಟ್ಟರು. “ನನ್ನ ಜನ್ಮದಲ್ಲಿ ಇಂಥ ಹಕ್ಕಿ ನೋಡಿಲ್ಲ ಪಾಕ್. ಏನು ಹಕ್ಕಿ, ಏನು ಹಕ್ಕಿ.”

ಪಾರ್ಡಿಮನ್‌ನ ಎದೆ ತುಂಬಿಬಂತು. ಸೊಂಟ ಬಾಗಿಸಿ, ವಿನಯಕ್ಕೆ ಹೆಬ್ಬೆರಳು ಮುಂದೆ ಮಾಡಿ ಪಂಜರ ತೋರಿಸಿ, “ನಿಮಗೆ ಹಿಡಿಸಿದ್ರೆ ತಗೊಂಡು ಹೋಗಿ ಪಾಕ್,” ಎಂದ.

ಸೋಲೋದಲ್ಲಿ ನಮ್ಮ ವಸ್ತುವನ್ನು ಯಾರಾದರೂ ಹೊಗಳಿದರೆ ಹೀಗೆನ್ನುವುದು ನಮ್ಮ ಮರ್ಯಾದೆ. ‘ಅಯ್ಯೋ ಬೇಡ ಬೇಡ’ ಎಂದು ಕೈಯಾಡಿಸುವುದು ಹೊಗಳಿದವರ ಮರ್ಯಾದೆ. ಮಾತು ಅಲ್ಲಿಗೆ ಮುಗಿಯುತ್ತದೆ, ವಸ್ತು ಇದ್ದಲ್ಲೇ ಇರುತ್ತದೆ. ಆದರೆ ಸಿಂಬೊಲೊನ್ ಸುಮಾತ್ರದ ದೊಡ್ಡ ಸರೋವರದ ಕಡೆಯವರು. ಅಲ್ಲಿ ಕೊಡುತ್ತೇನೆ ಎಂದವನು ಕೊಡುತ್ತಾನೆ.

ಅವರು ಪಾರ್ಡಿಮನ್‌ನನ್ನು ಬಾಚಿ ಅಪ್ಪಿಕೊಂಡರು. “ಈ ಊರಿನವರ ಮನಸ್ಸು ದೊಡ್ಡದು ಅಂತ ಕೇಳಿದ್ದೆ, ಇವತ್ತು ನೋಡಿದೆ,” ಎಂದು ಪಂಜರವನ್ನು ಕೊಕ್ಕೆಯಿಂದ ಇಳಿಸಿಕೊಂಡೇಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಪಕ್ಕದ ಪಂಜರದವನು.

ಪಾರ್ಡಿಮನ್ ಕಣ್ಣು ಕಣ್ಣು ಬಿಟ್ಟ. ಮುಳುಗುವವನಂತೆ ಕೊನೆಯ ಮಾತೊಂದನ್ನು ಹಿಡಿದುಕೊಂಡ. “ಒಂದೇ ಒಂದು ತೊಂದರೆ ಪಾಕ್. ದಿನಾ ಬೆಳಿಗ್ಗೆ ಕಂಪ್ಯೂಟರಿನ ಪೀಪ್ ಕೇಳದಿದ್ರೆ ಇದು ಹಾಡಲ್ಲ. ಈ ಪೆಟ್ಟಿಗೆ ಶಿಶುವಿಹಾರದ್ದು. ಈಗ ಬರೋ ಯಾವುದಕ್ಕೂ ಪೀಪ್ ಇಲ್ಲ. ನಿಮಗೆ ಸುಮ್ನೆ ಕಷ್ಟ.”

“ಚಿಂತೆ ಮಾಡಬೇಡಿ,” ಎಂದರು ಸಿಂಬೊಲೊನ್, ಅವನ ಬೆನ್ನು ತಟ್ಟಿ. “ನಮ್ಮ ಠಾಣೇಲಿರೋ ಕಂಪ್ಯೂಟರ್ ಇದಕ್ಕಿಂತ ಮುದುಕ, ದಿನಾ ಪೀಪ್ ಅಂತಾನೇ ಏಳೋದು. ಹೊಸದು ಕೊಡಿ ಅಂತ ಹಿಂದಿನವರೂ ಬರೆದ್ರು, ನಾನೂ ಬರೆದೆ. ಈ ಜನ್ಮದಲ್ಲಿ ಕೊಡೋ ಹಾಗಿಲ್ಲ.”

ಮೆರವಣಿಗೆ ಓಣಿಯವರೆಗೂ ಬಂತು. ಸಾರಿನ ಗಾಡಿಯವನು ಎಲ್ಲರಿಗೂ ಒಂದೊಂದು ಬಟ್ಟಲು ಸಾರು ಸುಮ್ಮನೆ ಕೊಟ್ಟ. ಜುಮಾಡಿ ಗೆಲುವಿನ ಕತೆಯನ್ನು ಮನೆಮನೆಗೂ ಹೇಳಿ ಬಂದ. ಕೊನೆಯ ಮನೆಗೆ ಬರುವ ಹೊತ್ತಿಗೆ ರಬ್ಬರಿನಲ್ಲಿ ಉಜ್ಜಿದವನು ಅವನೇ ಆಗಿದ್ದ.

ಎಲ್ಲರೂ ಹೋದ ಮೇಲೆ ಪಾರ್ಡಿಮನ್ ಹಳೆಯ ಪೆಟ್ಟಿಗೆಯನ್ನು ಶಿಶುವಿಹಾರಕ್ಕೆ ಮುಟ್ಟಿಸಿ ಬಂದು, ಬಂಗಾರ ಬಣ್ಣದ ಟ್ರೋಫಿಯನ್ನು ಹೊಸ ಕಂಪ್ಯೂಟರಿನ ಪಕ್ಕದಲ್ಲಿಟ್ಟ. ಮುರ್ನಿ ಅದನ್ನು ಮೇಲುಬಟ್ಟೆಯ ಅಂಚಿನಿಂದ ಒರೆಸಿದಳು. ಖಾಲಿ ಕೊಕ್ಕೆಯನ್ನು ನೋಡಿದಳು. ಒಂದು ಲೋಟ ಬಿಸಿ ಚಹಾ ತಂದು ಗಂಡನ ಕೈಗಿಟ್ಟಳು.

“ಸೋತಿದ್ರೇ ಚೆನ್ನಾಗಿತ್ತು ಮಾಸ್,” ಎಂದಳು ಮೆಲ್ಲಗೆ. “ಅಣ್ಣನ ಮನೇಲಾದ್ರೆ ಹಬ್ಬಕ್ಕೆ ಹೋದಾಗಲಾದ್ರೂ ನೋಡ್ಕೊಂಡು ಬರಬಹುದಿತ್ತು.”